ನನ್ನ ಡವಡವದ ನೋಟ್‌ಬುಕ್

ಚಿತ್ರದುರ್ಗದಲ್ಲಿ ಮನೆಗೆ ನೆಂಟರು ಬಂದರೆ ಕೋಟೆ ಹತ್ತಿಸಲೇಬೇಕು. ಏಕನಾಥೇಶ್ವರಿ ಗುಡಿ ತಲುಪುವಷ್ಟರಲ್ಲಿ ನಾನು ಎರಡು ಸಲ ಕೂರುತ್ತಿದ್ದೆ. "ನೀವು ನಡೀರಿ, ಫೋಟೋ ತೆಗ್ದು ಬರ್ತೀನಿ" ಅನ್ನುತ್ತಿದ್ದೆ. ನನ್ನ ಫೋನಿನ ತುಂಬ ಬರೀ ಬಂಡೆಗಳ ಫೋಟೋ.

ಈ ಏದುಸಿರಿಗೆ ಒಬ್ಬ ಡಾಕ್ಟರು ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ ಕೊಟ್ಟರು. ಇನ್ನೊಬ್ಬರು ಅಲರ್ಜಿ ದಮ್ಮು ಎಂದರು. ಎರಡು ಹೆರಿಗೆ ಆದರೂ ಯಾರಿಗೂ ಅನುಮಾನ ಬರಲಿಲ್ಲ. 39ನೇ ವಯಸ್ಸಿನಲ್ಲಿ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದಾಗ ಗೊತ್ತಾಯಿತು: ಎಎಸ್‌ಡಿ. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಹುಟ್ಟಿನಿಂದಲೇ ತೂತು. ಶ್ವಾಸಕೋಶದಿಂದ ಬಂದ ಒಳ್ಳೆ ರಕ್ತ ಮೈಗೆ ಹೋಗುವ ಬದಲು ಬಲಗಡೆಗೆ ಸೋರಿ ಮತ್ತೆ ಶ್ವಾಸಕೋಶಕ್ಕೇ ಹೋಗುತ್ತಿತ್ತು. ಮೈ ನೀಲಿಗಟ್ಟುವುದಿಲ್ಲ, ಎದೆಗೆ ಕೊಳವೆ ಇಟ್ಟು ಕೇಳಿದರೆ ಸದ್ದೂ ಮೆಲ್ಲಗೆ. ಅಷ್ಟು ವರ್ಷ ಜಾಸ್ತಿ ಕೆಲಸ ಮಾಡಿ ಬಲಭಾಗ ಹಿಗ್ಗಿತ್ತು.

"ನೀನು ಹೊಟ್ಟೇಲಿದ್ದಾಗ ಗ್ರಹಣ ನೋಡಿಬಿಟ್ನೇನೋ" ಎಂದು ಅವ್ವ ಅತ್ತಳು. ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ ಎಂದು ಡಾಕ್ಟರು ಹೇಳಿದ ಮೇಲೂ ಪೂರ್ತಿ ನಂಬಿಲ್ಲ.

ಬೆಂಗಳೂರಿನಲ್ಲಿ ತೊಡೆಸಂದಿಯ ರಕ್ತನಾಳದ ಮೂಲಕ ಪುಟ್ಟ ಬಿಲ್ಲೆಯಂಥದ್ದನ್ನು ಕೂರಿಸಿ ತೂತು ಮುಚ್ಚಿದರು. ಏದುಸಿರು ಎಷ್ಟೋ ಕಡಿಮೆಯಾಯಿತು. ಆದರೆ ಆಗಾಗ ಬರುವ ಎದೆ ಡವಡವ ನಿಲ್ಲಲಿಲ್ಲ. "ತೂತು ಮುಚ್ಚಿದ್ರಲ್ಲ, ಸುಮ್ನೆ ಹೆದರ್ತೀಯ" ಎಂದರು ಮನೆಯವರು. ಆಸ್ಪತ್ರೆ ತಲುಪುವಷ್ಟರಲ್ಲಿ ಅದು ನಿಂತಿರುತ್ತಿತ್ತು, ಇಸಿಜಿ ಪ್ರತಿ ಸಲ ನಾರ್ಮಲ್. ನನಗೇ ನಾಚಿಕೆಯಾಗುತ್ತಿತ್ತು.

ಆಮೇಲೆ ಮಗಳ ಹಳೇ ನೋಟ್‌ಬುಕ್‌ನಲ್ಲಿ ಬರೆಯಲು ಶುರು ಮಾಡಿದೆ. ಎಷ್ಟು ಗಂಟೆಗೆ ಬಂತು, ಏನು ಮಾಡುತ್ತಿದ್ದೆ, ಎಷ್ಟು ಹೊತ್ತು ಇತ್ತು, ನಾಡಿ ಎಷ್ಟು. ನಾಡಿ ನೋಡುವಾಗ ಹೆಬ್ಬೆರಳು ಇಡಬಾರದು, ಅದಕ್ಕೇ ಮಿಡಿತ ಇರುತ್ತದೆ. ಎರಡು ಬೆರಳು ಮಣಿಕಟ್ಟಿನ ಮೇಲಿಟ್ಟು ಪೂರ್ತಿ ಒಂದು ನಿಮಿಷ ಎಣಿಸುತ್ತೇನೆ. ತಾಳ ತಪ್ಪಿದಾಗ ಅರ್ಧ ನಿಮಿಷದ ಲೆಕ್ಕ ಮೋಸ ಮಾಡುತ್ತದೆ.

ಎರಡು ತಿಂಗಳಿಗೆ ಒಂದು ಅಂದಾಜು ಸಿಕ್ಕಿತು. ನಿದ್ದೆಗೆಟ್ಟ ಮರುದಿನ, ಮೂರನೇ ಕಾಫಿ ಆದ ಮೇಲೆ, ಒಂದು ಬಡಿತ ತಪ್ಪಿ 'ಧಡ್' ಎನ್ನುವುದು. ಅದು ಬಂದು ಹೋಗುತ್ತದೆ. ಮೆಟ್ಟಿಲು ಹತ್ತಿದಾಗಿನ ಓಟ ಐದು ನಿಮಿಷ ಕೂತರೆ ಇಳಿಯುತ್ತದೆ. ಇನ್ನೊಂದು ಮಾತ್ರ ಬೇರೆ. ಸುಮ್ಮನೆ ಅವರೆಕಾಯಿ ಸುಲಿಯುತ್ತಾ ಕೂತಿರುವಾಗಲೇ ಶುರು, ಬಾಣಲೆಯಲ್ಲಿ ಕಡಲೆ ಸಿಡಿದ ಹಾಗೆ. ತಾಳವೇ ಇಲ್ಲ.

ಆ ಪುಟ ನೋಡಿದ ಡಾಕ್ಟರು, "ಇದು ಬಂದ ಕೂಡಲೇ ಹತ್ತಿರ ಎಲ್ಲಿ ಇಸಿಜಿ ಇದ್ಯೋ ಅಲ್ಲಿಗೆ ಹೋಗಿ, ನನ್ನ ಹತ್ರಾನೇ ಬರಬೇಕು ಅಂತಿಲ್ಲ" ಎಂದರು. ಮುಂದಿನ ಸಲ ಒಲೆ ಆರಿಸಿ, ಸೀರೆ ಕೂಡ ಬದಲಿಸದೆ ಆಟೋ ಹತ್ತಿದೆ. ಸಿಕ್ಕಿಬಿತ್ತು: ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಅದುರುವುದು. ತೂತು ಮುಚ್ಚಿದರೂ ವರ್ಷಗಟ್ಟಲೆ ಹಿಗ್ಗಿದ ಕೋಣೆಯ ಗೋಡೆ ಹಳೇ ಚಾಳಿ ಬಿಡುವುದಿಲ್ಲವಂತೆ. ಹಾಗೆ ಅದುರುವ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವ ಹೊಡೆಯಬಹುದು. ಅದಕ್ಕೇ ಈಗ ಹೆಪ್ಪುಗಟ್ಟದ ಹಾಗೆ ತಡೆಯುವ ಮಾತ್ರೆ. ತಲೆ ಸುತ್ತಿ ಬಿದ್ದರೆ, ಎದೆ ನೋವು ಬಂದರೆ, ಮಾತು ತೊದಲಿದರೆ ನೋಟ್‌ಬುಕ್ ಬಿಟ್ಟು 108ಕ್ಕೆ ಫೋನ್ ಮಾಡಿ ಎಂದು ಮಕ್ಕಳಿಗೂ ಹೇಳಿದ್ದೇನೆ.

ಮಂಡಿ ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ನುಂಗುವುದನ್ನು ಬಿಟ್ಟೆ. ಕೆಲವು ನೋವಿನ ಮಾತ್ರೆ ಈ ಹೆಪ್ಪು ತಡೆಯುವ ಮಾತ್ರೆಯ ಜೊತೆ ಸೇರಿದರೆ ರಕ್ತಸ್ರಾವ ಆಗಬಹುದು. ಹಲ್ಲು ಕೀಳಿಸುವ ಮೊದಲೂ ಈ ಮಾತ್ರೆ ತಗೊಳ್ಳೋದನ್ನು ಹಲ್ಲಿನ ಡಾಕ್ಟರಿಗೆ ಹೇಳಬೇಕು. ಅವ್ವ ಮಾತ್ರ ಗ್ರಹಣ ಬಂದಾಗಲೆಲ್ಲ ಫೋನ್ ಮಾಡುತ್ತಾಳೆ, ಹೊರಗೆ ಹೋಗಬೇಡ ಅಂತ.