‘ಮಾರಿದ ಮಾಲು ವಾಪಸ್ ಇಲ್ಲ’ ಎಂಬ ಬೋರ್ಡಿಗೆ ಎಷ್ಟು ಬೆಲೆ?

ಕಾರವಾರದ ಪೇಟೆಯಿರಲಿ, ಶಿರಸಿಯ ಅಂಗಡಿ ಸಾಲಿರಲಿ, ಗಲ್ಲಾಪೆಟ್ಟಿಗೆಯ ಹಿಂದೆ ಈ ಬೋರ್ಡ್ ಆಗಾಗ ಕಣ್ಣಿಗೆ ಬೀಳುತ್ತದೆ: ‘ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’. ಬಿಲ್ಲಿನ ಅಡಿಯಲ್ಲೂ ಇದನ್ನೇ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸಿದವರಿದ್ದಾರೆ. ಕೊಂಡ ಮಿಕ್ಸರ್ ಮೊದಲ ದಿನವೇ ಸುಟ್ಟ ವಾಸನೆ ಹೊಡೆದರೂ ಬೋರ್ಡ್ ನೆನಪಾಗಿ ಸುಮ್ನೆ ಕೂರುವವರೇ ಜಾಸ್ತಿ. ಹಾಗೆ ಕೂರಬೇಕಿಲ್ಲ.

ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಮಾಲಿನಲ್ಲಿ ದೋಷ ಇದೆಯೇ, ಅಥವಾ ನಮಗೆ ಮನಸ್ಸು ಬದಲಾಯಿತೇ? ಸೀರೆಯ ಬಣ್ಣ ಮನೆಯಲ್ಲಿ ಯಾರಿಗೂ ಹಿಡಿಸಲಿಲ್ಲ ಎಂದರೆ ಕಾನೂನು ನಿಮ್ಮ ಬೆನ್ನಿಗೆ ಬರುವುದಿಲ್ಲ. ಬದಲಾಯಿಸಿ ಕೊಟ್ಟರೆ ಅದು ಅಂಗಡಿಯವರ ಒಳ್ಳೆಯತನ. ಅದನ್ನೂ ಹಕ್ಕು ಎಂದು ಜಗಳಕ್ಕೆ ನಿಲ್ಲುವುದು ಸರಿಯಲ್ಲ. ದೋಷವಿದ್ದರೆ ಮಾತೇ ಬೇರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ಮಾಲನ್ನು ವಾಪಸ್ ಪಡೆದು ಹಣ ಕೊಡಲು ಒಪ್ಪದಿರುವುದು ‘ಅನುಚಿತ ವ್ಯಾಪಾರ ಪದ್ಧತಿ’. ಬಿಲ್ಲಿನಲ್ಲಿ ಇಂತಿಷ್ಟು ದಿನ ಎಂದು ಬರೆದಿದ್ದರೆ ಆ ಅವಧಿಯೊಳಗೆ, ಏನೂ ಬರೆಯದಿದ್ದರೆ 30 ದಿನದೊಳಗೆ ಹಣ ಹಿಂದಿರುಗಿಸಬೇಕು. ಹಾಗಾಗಿ ಬಿಲ್ಲಿನ ಹಿಂಬದಿಯನ್ನೂ ಓದಿ.

ಆಫರ್‌ನಲ್ಲಿ ಕೊಂಡದ್ದಕ್ಕೂ ಇದು ಅನ್ವಯ. ಮಳೆಗಾಲಕ್ಕೆ ಮೊದಲು ಡಿಸ್ಕೌಂಟಿನಲ್ಲಿ ಕೊಂಡ ರೇನ್‌ಕೋಟ್ ಹೊಲಿಗೆಯಲ್ಲೇ ಸೋರಿದರೆ, ‘ಸೇಲ್ ಮಾಲು’ ಎನ್ನುವುದು ಉತ್ತರವಲ್ಲ. ದೋಷವನ್ನು ಮೊದಲೇ ತೋರಿಸಿ, ಅದಕ್ಕೆಂದೇ ಬೆಲೆ ಇಳಿಸಿ ಕೊಟ್ಟಿದ್ದರೆ ಮಾತ್ರ ನಿಮ್ಮ ವಾದ ನಿಲ್ಲದು.

ಇನ್ನು ಬಿಲ್ಲು. ‘ಬಿಲ್ ಬೇಡ ಅಂದ್ರೆ ಸ್ವಲ್ಪ ಕಡಿಮೆ ಮಾಡ್ತೇನೆ’ ಎಂಬ ಮಾತಿಗೆ ಮರುಳಾಗಬೇಡಿ. ಬಿಲ್ ಕೊಡದಿರುವುದೂ ಅನುಚಿತ ವ್ಯಾಪಾರ ಪದ್ಧತಿಯೇ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯ ಮಳಿಗೆಯಲ್ಲಿ ದುಬಾರಿ ಸಾಮಾನು ಕೊಳ್ಳುವಾಗ, ಬಿಲ್ಲಿನಲ್ಲಿ ಮಾರುವವರ ಊರು, ವಿಳಾಸ ಇದೆಯೇ ನೋಡಿ. ಜಾತ್ರೆ ಮುಗಿದ ಮೇಲೆ ಹುಡುಕುವುದೆಲ್ಲಿ? ಬಿಲ್ ಸಿಗದಿದ್ದರೆ ಫೋನಿನಲ್ಲಿ ಹಣ ಕಳಿಸಿದ ದಾಖಲೆಯನ್ನಾದರೂ ಉಳಿಸಿಕೊಳ್ಳಿ.

ದೋಷ ಕಂಡ ಕೂಡಲೇ ವಸ್ತುವನ್ನು ಬಳಸುವುದು ನಿಲ್ಲಿಸಿ. ಫೋಟೊ, ವಿಡಿಯೊ ತೆಗೆಯಿರಿ. ಪರಿಚಯದ ರಿಪೇರಿಯವರ ಕೈಗೆ ಕೊಡಬೇಡಿ. ಆಮೇಲೆ ‘ನೀವೇ ಬಿಚ್ಚಿ ಹಾಳು ಮಾಡಿದ್ದು’ ಎಂಬ ಮಾತು ಬರುತ್ತದೆ. ಅಂಗಡಿಗೆ ಹೋಗಿ ಸಮಾಧಾನವಾಗಿ ಕೇಳಿ. ‘ಸರ್ವಿಸ್ ಸೆಂಟರಿಗೆ ಹೋಗಿ, ನಮಗೆ ಸಂಬಂಧ ಇಲ್ಲ’ ಎಂದು ಕೈ ತೊಳೆದುಕೊಂಡರೆ ಬರವಣಿಗೆಗೆ ಇಳಿಯಿರಿ. ಉದ್ದ ಬೇಡ, ಇಷ್ಟು ಸಾಕು:

‘ಇಂಥ ತಾರೀಕಿನಂದು, ಇಂಥ ಬಿಲ್ ನಂಬರಿನಲ್ಲಿ ನಿಮ್ಮಲ್ಲಿ ಕೊಂಡ ಮಿಕ್ಸರ್ ಮೊದಲ ದಿನವೇ ಕೆಟ್ಟಿದೆ. ಈ ಪತ್ರ ತಲುಪಿದ 15 ದಿನದೊಳಗೆ ಹಣ ವಾಪಸ್ ಕೊಡಿ. ಇಲ್ಲವಾದರೆ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ.’

ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ವಾಟ್ಸ್ಆ್ಯಪಿನಲ್ಲೂ ಒಂದು ಪ್ರತಿ ಹಾಕಿ.

ಜತೆಗೆ 1915ಕ್ಕೆ ಫೋನ್ ಮಾಡಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಅವರು ರಾಜಿ ಮಾಡಿಸಲು ನೋಡುತ್ತಾರೆ, ಆದೇಶ ಕೊಡುವ ಅಧಿಕಾರ ಅವರಿಗಿಲ್ಲ.

ಆದೇಶ ಬೇಕೆಂದರೆ ಕಾರವಾರದಲ್ಲಿರುವ ಉತ್ತರ ಕನ್ನಡ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೇ ಹೋಗಬೇಕು. ವಕೀಲರು ಕಡ್ಡಾಯವಲ್ಲ. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವೂ ಇಲ್ಲ. ತಕರಾರು ಹುಟ್ಟಿದ 2 ವರ್ಷದೊಳಗೆ ದೂರು ಕೊಡಬೇಕು. ಅಂಗಡಿ, ತಯಾರಿಸಿದ ಕಂಪನಿ ಎರಡನ್ನೂ ಎದುರು ಪಕ್ಷವಾಗಿ ಸೇರಿಸಿ. ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ. ನೋಟಿಸ್ ತಲುಪಿದ 30 ದಿನದೊಳಗೆ ಅವರು ಉತ್ತರ ಕೊಡಬೇಕು. ಆಯೋಗ ಒಪ್ಪಿದರೆ ಹೆಚ್ಚೆಂದರೆ ಇನ್ನೂ 15 ದಿನ ಸಿಗಬಹುದು.

ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಕೊಂಡದ್ದಾದರೂ ನೀವು ಈ ಜಿಲ್ಲೆಯಲ್ಲಿ ವಾಸವಿದ್ದರೆ ಇಲ್ಲೇ ದೂರು ಕೊಡಬಹುದು. ಶಿರಸಿ, ಹಳಿಯಾಳ, ಮುಂಡಗೋಡದವರು ಕಾಗದ ಹಿಡಿದು ಘಟ್ಟ ಇಳಿಯಬೇಕಿಲ್ಲ. ‘ಇ-ಜಾಗೃತಿ’ ಪೋರ್ಟಲಿನಲ್ಲಿ ದೂರು ಸಲ್ಲಿಸಿ. ವಿಚಾರಣೆಯನ್ನೂ ವಿಡಿಯೊ ಕಾನ್ಫರೆನ್ಸಿನಲ್ಲಿ ನಡೆಸಿ ಎಂದು ಅರ್ಜಿ ಹಾಕಲು ಅವಕಾಶವಿದೆ.