ನಾರಾಕ್ಕೆ ಹೋದರೆ ಒಂದು ರಾತ್ರಿ ಉಳಿಯಿರಿ

ಹೋದ ವರ್ಷ ಅತ್ತೆಯನ್ನು ಕರೆದುಕೊಂಡು ಜಪಾನಿನ ನಾರಾ ನೋಡಿ ಬಂದೆ. ಹಾಸನದಲ್ಲಿ ಸಿಕ್ಕವರೆಲ್ಲ ಹೇಗೆ ಹೋದ್ರಿ, ಏನು ನೋಡಿದ್ರಿ ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಕ್ಯೋಟೋದಿಂದ ಬಂದು ಅರ್ಧ ದಿನದಲ್ಲಿ ನೋಡಿ ಹೋಗುವವರೇ ಜಾಸ್ತಿ. ಹಾಗೆ ಮಾಡಬೇಡಿ. ಬೇಲೂರನ್ನು ಅರ್ಧ ಗಂಟೆಯಲ್ಲಿ ಮುಗಿಸಿ ಬಸ್ ಹತ್ತುವವರನ್ನು ಕಂಡರೆ ನಮಗೆ ಸಂಕಟ ಆಗುತ್ತೆ, ಅಲ್ವಾ?

ಕ್ಯೋಟೋದಿಂದ ಕಿನ್ತೆತ್ಸು ಎಂಬ ಖಾಸಗಿ ಕಂಪನಿಯ ರೈಲಿನಲ್ಲಿ ಸುಮಾರು ಮುಕ್ಕಾಲು ಗಂಟೆ. ಜೆಆರ್ (ಜಪಾನ್ ರೈಲ್ವೇಸ್) ರೈಲೂ ಇದೆ, ಆದರೆ ಕಿನ್ತೆತ್ಸು ಸ್ಟೇಷನ್ನೇ ದೇವಾಲಯ, ಜಿಂಕೆಗಳಿರುವ ನಾರಾ ಪಾರ್ಕಿಗೆ ಹತ್ತಿರ. ಅತ್ತೆಯ ಮಂಡಿನೋವಿಗೆ ಅದೇ ದೊಡ್ಡ ಅನುಕೂಲವಾಯಿತು.

ಬೆಳಿಗ್ಗೆ ಮೊದಲು ತೊದಾಯ್‌ಜಿ ಎಂಬ ಬೌದ್ಧ ದೇವಾಲಯಕ್ಕೆ ಹೋಗಿ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ 7:30ಕ್ಕೇ ಬಾಗಿಲು ತೆಗೆಯುತ್ತಾರೆ, ಉಳಿದ ತಿಂಗಳು 8ಕ್ಕೆ. ಒಳಗೆ ಸುಮಾರು 15 ಮೀಟರ್ ಎತ್ತರದ ಕಂಚಿನ ಬುದ್ಧ. 752ರಲ್ಲಿ ಅವನ ಕಣ್ಣು ಬರೆದವನು ನಮ್ಮ ದೇಶದಿಂದ ಹೋದ ಬೋಧಿಸೇನ ಎಂಬ ಭಿಕ್ಷು. ಕುಂಚಕ್ಕೆ ಉದ್ದುದ್ದ ದಾರ ಕಟ್ಟಿ, ನೆರೆದವರೆಲ್ಲ ಆ ದಾರ ಹಿಡಿದು ನಿಂತಿದ್ದರಂತೆ. ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾಗುವುದಕ್ಕೆ 365 ವರ್ಷ ಮೊದಲು! ಇದನ್ನು ಹೇಳಿದಾಗ ಅತ್ತೆ ಅಲ್ಲೇ ಕೈ ಮುಗಿದು ನಿಂತುಬಿಟ್ಟರು.

ಹೊರಗೆ ಜಿಂಕೆಗಳ ಹಿಂಡು. ಬಿಸ್ಕತ್ತು ತೋರಿಸಿದರೆ ತಲೆ ಬಗ್ಗಿಸಿ ನಮಸ್ಕಾರ ಮಾಡುತ್ತವೆ. ಆಟ ಆಡಿಸಬೇಡಿ, ಕಾಯಿಸಿದರೆ ಕಚ್ಚುತ್ತವೆ. ಮುಗಿದ ಮೇಲೆ ಖಾಲಿ ಅಂಗೈ ತೋರಿಸಿ. ಕಾಗದವನ್ನು ಚೀಲದ ಒಳಗೇ ಇಡಿ. ನನ್ನ ಕೈಲಿದ್ದ ಊರಿನ ಮ್ಯಾಪನ್ನು ಒಂದು ಜಿಂಕೆ ಎಳೆದು ಅರ್ಧ ತಿಂದೇಬಿಟ್ಟಿತು.

ಸಂಜೆ ತೊದಾಯ್‌ಜಿಗೇ ಸೇರಿದ, ಗುಡ್ಡದ ಮೇಲಿನ ನಿಗತ್ಸು-ದೋ ಮಂದಿರದ ಜಗಲಿಗೆ ಹತ್ತಿ. ಮೆಟ್ಟಿಲಿದೆ, ನಿಧಾನಕ್ಕೆ. ಟಿಕೆಟ್ ಇಲ್ಲ. ಇಡೀ ಊರು ಕೆಳಗೆ ಕಾಣುತ್ತೆ. ರಾತ್ರಿ ಉಳಿಯಿರಿ ಅಂದದ್ದು ಇದಕ್ಕೇ.

ಸಸ್ಯಾಹಾರಿಗಳು ಹುಷಾರು. ಉಡೋನ್ (ಗೋಧಿಯ ದಪ್ಪ ನೂಡಲ್ಸ್), ಮಿಸೋ (ಹುದುಗಿಸಿದ ಸೋಯಾ) ಸೂಪ್‌ಗಳಲ್ಲಿ ಮೀನು ಕಾಣದಿದ್ದರೂ ಒಣಮೀನು ಕುದಿಸಿದ ನೀರು ಇರುತ್ತೆ. ಅದಕ್ಕೆ 'ದಾಶಿ' ಅಂತಾರೆ. ನಾವು ಅಂಗಡಿಯಿಂದ ಅನ್ನದ ಪ್ಯಾಕೆಟ್ ತಂದು ಪುಳಿಯೋಗರೆ ಗೊಜ್ಜಿನಲ್ಲಿ ಕಲಸಿಕೊಂಡೆವು. ಅಲ್ಲಿನ ಅನ್ನ ಅಂಟಂಟು, ಗೊಜ್ಜು ಸುಲಭಕ್ಕೆ ಹಿಡಿಯಲ್ಲ. ಎಣ್ಣೆ ಜಾಸ್ತಿ ಹಾಕಿ ಮಾಡಿಕೊಂಡು ಹೋಗಿ.

ಎರಡನೇ ದಿನ ಹೊರ್ಯೂಜಿ ಎಂಬ ಇನ್ನೊಂದು ಬೌದ್ಧ ದೇವಾಲಯ. ಜೆಆರ್ ನಾರಾದಿಂದ ರೈಲಿನಲ್ಲಿ ಸುಮಾರು 12 ನಿಮಿಷ, ಇಳಿದ ಮೇಲೆ ಬಸ್ಸಿದೆ. ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಮರದ ಕಟ್ಟಡಗಳು ಇಲ್ಲಿವೆ. ಕಂಬಗಳ ನಡು ಸ್ವಲ್ಪ ಉಬ್ಬಿದೆ. ಬೇಲೂರಿನ ಕಡೆದ ಕಂಬ ನೋಡಿ ಬೆಳೆದ ಅತ್ತೆ, ಒಂದೊಂದರ ಮುಂದೂ ನಿಂತರು. ಇಲ್ಲಿಗೆ ಮೂರು ಗಂಟೆಯಾದರೂ ಇಟ್ಟುಕೊಳ್ಳಿ.