ಸೋಮವಾರ ಸೂಜಿ, ಭಾನುವಾರ ಬಾಡೂಟ: ನಾನು ಬಿಟ್ಟಿದ್ದು, ಉಳಿಸಿಕೊಂಡಿದ್ದು

ಬಾಡೂಟದ ಕಂಟ್ರಾಕ್ಟು ಹಿಡಿದು ನನಗೆ ಇಪ್ಪತ್ತೆರಡು ವರ್ಷ ಆಯ್ತು. ಹಾಸನ, ಆಲೂರು, ಹೊಳೆನರಸೀಪುರ, ಬೇಲೂರಿನವರೆಗೂ ನನ್ನ ಒಲೆ ಹೋಗಿದೆ. ಕಳೆದ ವರ್ಷ ತೂಕ ಇಳಿಸೋ ಟಿರ್ಜೆಪಟೈಡ್ ಅನ್ನೋ ವಾರಕ್ಕೊಂದು ಇಂಜೆಕ್ಷನ್ ಶುರು ಮಾಡ್ತೀನಿ ಅಂದಾಗ ನಂಬಿದವರು ಒಬ್ಬರೂ ಇರಲಿಲ್ಲ. ಬಾಮೈದ ಮುಖದ ಮೇಲೇ ಹೇಳಿದ: "ಭಾವ, ದಿನಾ ಮೂರು ಡಬರಿ ಬಾಡಿನ ಮುಂದೆ ನಿಂತ್ಕಳೋರು ನೀವು. ಸೂಜಿ ದುಡ್ಡು ದಂಡ." ಕೈಕೆಳಗಿನ ಹುಡುಗರದ್ದು ಬೇರೆ ಚಿಂತೆ: "ಅಣ್ಣ, ಉಪ್ಪು ಖಾರ ನೋಡೋರು ಯಾರು?"

112 ಕೆಜಿ ಇದ್ದೆ. ಈಗ 94. ಹತ್ತು ತಿಂಗಳು ಹಿಡೀತು, ಒಂದು ಆರ್ಡರನ್ನೂ ಬಿಟ್ಟುಕೊಡಲಿಲ್ಲ, 5 ಮಿಲಿಗ್ರಾಂ ಡೋಸ್ ದಾಟಲೂ ಇಲ್ಲ. ನನ್ನ ಜೊತೆಗೇ ಶುರು ಮಾಡಿದ ಇಬ್ಬರಲ್ಲಿ ಒಬ್ಬರು 10ಕ್ಕೆ ಏರಿದಾರೆ, ಇನ್ನೊಬ್ಬರು ವಾಂತಿ ತಡೆಯೋಕಾಗದೆ ಎರಡನೇ ತಿಂಗಳಿಗೇ ಕೈಬಿಟ್ಟರು. ನಮ್ಮ ಮೂವರಿಗೂ ಔಷಧಿ ಒಂದೇ, ತಟ್ಟೆ ಬೇರೆ ಬೇರೆ. ನನ್ನ ತಟ್ಟೆ ಹೇಗೆ ಬದಲಾಯ್ತು ಅಂತ ಹೇಳೋಕೆ ಇದನ್ನ ಬರೀತಿದ್ದೀನಿ. ಸೂಜಿ ಚುಚ್ಚೋದು, ಜಾಗ ಬದಲಾಯಿಸೋದು, ಡೋಸ್ ಏರಿಸೋದು ಎಲ್ಲ ನಿಮ್ಮ ಡಾಕ್ಟರು ಹೇಳಿರ್ತಾರೆ, ಅದಕ್ಕೆ ಕೈ ಹಾಕಲ್ಲ.

ಟಿರ್ಜೆಪಟೈಡ್ ಶುರು ಮಾಡಿದ್ದು 2025ರ ಜುಲೈ 7, ಸೋಮವಾರ. ಆಷಾಢದಲ್ಲಿ ಮದುವೆ ಇಲ್ಲ, ಬೀಗರೂಟ ಇಲ್ಲ. ಹಿಂದೇನೇ ಶ್ರಾವಣ, ನಮ್ಮ ಕಡೆ ಎಷ್ಟೋ ಮನೇಲಿ ಬಾಡು ಮುಟ್ಟಲ್ಲ. ಎರಡು ತಿಂಗಳು ಕೈ ಖಾಲಿ. ಇನ್ನೊಂದು ಕಾರಣ ನಮ್ಮ ಜಿಲ್ಲೆಯವರಿಗೆಲ್ಲ ಗೊತ್ತು. ಆ ಜೂನ್, ಜುಲೈನಲ್ಲಿ ಹಾಸನದಲ್ಲಿ ಹೃದಯಾಘಾತದ ಸುದ್ದಿ ಒಂದರ ಮೇಲೊಂದು. ಜನ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಹೋಗಿ ಸಾಲು ನಿಂತಿದ್ದರು. ನನಗೆ ಬಿಪಿ ಇತ್ತು, ಸಕ್ಕರೆ ಇತ್ತು. ನನ್ನ ಹೆಂಡತಿ ಒಂದೇ ಮಾತು ಹೇಳಿದ್ದು: "ಇನ್ನು ಮುಂದಕ್ಕೆ ಹಾಕೋಂಗಿಲ್ಲ ಕಣ್ರೀ."

ದುಡ್ಡಿನ ಲೆಕ್ಕ ಮೊದಲು ಹೇಳಿಬಿಡ್ತೀನಿ. ಆಗ 2.5 ಮಿಲಿಗ್ರಾಂನ ವಯಲ್ (ಒಂದು ಡೋಸಿನ ಪುಟ್ಟ ಸೀಸೆ) 3,500 ರೂಪಾಯಿ ಇತ್ತು, ತಿಂಗಳಿಗೆ ನಾಲ್ಕು, 14,000. ಆಮೇಲೆ 5ರದ್ದು 4,375ರಂತೆ 17,500. ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಇಳಿದ ಮೇಲೆ ತಿಂಗಳಿಗೆ ಸಾವಿರದಷ್ಟು ಉಳೀತು. ಇದುವರೆಗೆ ಒಂದು ಲಕ್ಷ ಅರವತ್ತು ಸಾವಿರದ ಹತ್ತಿರ ಹೋಗಿದೆ. ಒಂದು ವಯಲ್ ಶುದ್ಧ ನನ್ನ ತಪ್ಪಿಂದ ಹಾಳಾಯ್ತು. ಗೋಡೌನಿನ ಫ್ರಿಜ್‌ನಲ್ಲಿ ಶುಂಠಿ ಬೆಳ್ಳುಳ್ಳಿ ಪೇಸ್ಟ್ ಇಡೋ ಫ್ರೀಜರಿಗೆ ಹುಡುಗ ಇಟ್ಟುಬಿಟ್ಟಿದ್ದ, ನಾನೂ ನೋಡಲಿಲ್ಲ. ಕಲ್ಲಾಗಿತ್ತು. ಈ ಔಷಧಿ ಒಂದು ಸಲ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಚುಚ್ಚಬಾರದು, ಎಸೀಬೇಕು. 2ರಿಂದ 8 ಡಿಗ್ರಿ ಅಂತ ಪೆಟ್ಟಿಗೆ ಮೇಲೇ ಬರೆದಿರುತ್ತೆ.

ಮೊದಲ ತಿಂಗಳು 2.5ರಲ್ಲಿ ನನಗೇನೂ ಆಗಲಿಲ್ಲ. ಹಸಿವು ಕಮ್ಮಿ ಆಯ್ತು, ಎರಡೂವರೆ ಕೆಜಿ ಇಳೀತು. ಡಾಕ್ಟರು ಕೊಟ್ಟ ಚೀಟೀಲಿ ಓಟ್ಸ್, ಬ್ರೊಕೊಲಿ, ಸಾಲಡ್ ಅಂತಿತ್ತು. ಅದನ್ನ ತಿನ್ನೋರು ನಮ್ಮನೇಲಿ ಯಾರೂ ಇಲ್ಲ, ಚೀಟಿ ಹಂಗೇ ಗೂಡು ಸೇರ್ತು. ನಮ್ಮ ಅಡುಗೆಗೆ ಹೊಂದೋ ಲೆಕ್ಕ ನಾನೇ ಹಾಕ್ಕೋಬೇಕು ಅಂತ ಆಗ ಹೊಳೀಲಿಲ್ಲ.

ಹೊಳೆದದ್ದು ಪಿತೃಪಕ್ಷದಲ್ಲಿ. 5ಕ್ಕೆ ಏರಿ ಒಂದೂವರೆ ತಿಂಗಳಾಗಿತ್ತು. ಊರಿನ ಮನೇಲಿ ಬುಧವಾರ ಹಿರಿಯರಿಗೆ ಎಡೆ. ಸೋಮವಾರ ಚುಚ್ಚಿಕೊಂಡಿದ್ದೆ. ಮುಂಚೆ ತಿಂತಿದ್ದದ್ದರಲ್ಲಿ ಕಾಲು ಭಾಗವೂ ತಿನ್ನಲಿಲ್ಲ ಅಂತ ಆಣೆ ಮಾಡ್ತೀನಿ: ಬೋಟಿ ಗೊಜ್ಜು ಎರಡು ಸೌಟು, ತಲೆಮಾಂಸ ಸ್ವಲ್ಪ, ಒಂದೂವರೆ ಮುದ್ದೆ, ಕೊನೇಗೆ ಒಂದು ಕಜ್ಜಾಯ. ಸಾಯಂಕಾಲದಿಂದ ಕೊಳೆತ ಮೊಟ್ಟೆ ವಾಸನೆಯ ತೇಗು ಶುರುವಾಯ್ತು. ರಾತ್ರಿ ಎರಡು ಗಂಟೆಗೆ ಎದೆ ಉರಿ, ಬೆವರು, ಆಮೇಲೆ ವಾಂತಿ. ಮಧ್ಯಾಹ್ನ ಒಂದಕ್ಕೆ ತಿಂದದ್ದು ಹನ್ನೆರಡು ಗಂಟೆ ಆದ ಮೇಲೂ ಹಂಗಂಗೇ ಆಚೆ ಬಂತು. ಜುಲೈನ ಹೃದಯಾಘಾತದ ಸುದ್ದಿ ಯಾರ ತಲೆಯಿಂದಲೂ ಹೋಗಿರಲಿಲ್ಲ. ಹೆಂಡತಿ ಅಳ್ತಾ ಕಾರು ಹತ್ತಿಸಿದಳು. ಇಸಿಜಿ ಸರಿ ಇತ್ತು. ಒಂದು ಡ್ರಿಪ್, ಎರಡು ಇಂಜೆಕ್ಷನ್, ನಾಲ್ಕು ಸಾವಿರದ ಹತ್ತಿರ ಬಿಲ್. ಡ್ಯೂಟೀಲಿದ್ದ ಹುಡುಗಿ ಡಾಕ್ಟರು ಕೇಳಿದ ಒಂದು ಪ್ರಶ್ನೆ ನನ್ನ ಕಣ್ಣು ತೆರೆಸ್ತು: "ಸೂಜಿ ಹಾಕ್ಕೊಂಡು ಎಷ್ಟನೇ ದಿನ, ಏನು ತಿಂದ್ರಿ?"

ಔಷಧಿ ಹೊಟ್ಟೆ ಖಾಲಿಯಾಗೋದನ್ನ ನಿಧಾನ ಮಾಡುತ್ತೆ. ಕೊಬ್ಬು ಮೊದಲೇ ನಿಧಾನ ಇಳಿಯೋ ವಸ್ತು. ಎರಡೂ ಸೇರಿದ್ರೆ ಒಲೆ ಆರಿದ ಡಬರೀಲಿ ಬಾಡು ಹಾಕಿಟ್ಟಂಗೆ. ಚುಚ್ಚಿದ ಮಾರನೇ ದಿನ, ಮೂರನೇ ದಿನ ಔಷಧಿ ಜೋರಾಗಿರುತ್ತೆ. ಇಷ್ಟು ಅರ್ಥ ಆದ ಮೇಲೆ ಆರ್ಡರ್ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯೋಕೆ ಶುರು ಮಾಡಿದೆ: ಎಷ್ಟನೇ ದಿನ, ಏನು, ಎಷ್ಟು, ತೇಗು ಬಂತಾ, ಹೊಟ್ಟೆ ಭಾರ ಎಷ್ಟು ಹೊತ್ತಿಗೆ ಇಳೀತು. ಡಿಸೆಂಬರ್ ಹೊತ್ತಿಗೆ ನಲವತ್ತು ಹಾಳೆ ತುಂಬಿತ್ತು.

ಸೂಜಿಗೆ ಸೋಮವಾರವನ್ನೇ ಉಳಿಸಿಕೊಂಡೆ. ಅವತ್ತು ಹೇಗೂ ನಮ್ಮನೇಲಿ ಬಾಡಿಲ್ಲ. ಮಂಗಳವಾರ, ಬುಧವಾರ ಗಂಜಿ, ಹೆಸರುಬೇಳೆ ತೊವ್ವೆ, ಮಜ್ಜಿಗೆ, ಬೇಯಿಸಿದ ಮೊಟ್ಟೆ. ನನ್ನ ದೊಡ್ಡ ಆರ್ಡರ್ ಎಲ್ಲ ಭಾನುವಾರ. ಏಳನೇ ದಿನಕ್ಕೆ ನಾಲಿಗೆ, ಹೊಟ್ಟೆ ಎರಡೂ ಹದಕ್ಕೆ ಬಂದಿರ್ತವೆ. ಅಂಗೈಗೆ ಸಾರು ಬಿಟ್ಟು ನೆಕ್ಕಿ ಉಪ್ಪು ಹೇಳೋಕೆ ತೊಂದರೆ ಇಲ್ಲ. ಇದನ್ನ ಕಲಿಯೋ ಮುಂಚೆ ಒಂದು ಬುಧವಾರದ ಆರ್ಡರಿನಲ್ಲಿ ಬೇಯೋ ಕೊಬ್ಬಿನ ವಾಸನೆಗೇ ಓಕರಿಕೆ ಬಂದು ರುಚಿ ನೋಡೋದನ್ನ ಹುಡುಗನಿಗೆ ಬಿಟ್ಟೆ. ಬಿರಿಯಾನಿ ಉಪ್ಪಾಯ್ತು. ಮನೆಯವರು ಆರು ಸಾವಿರ ಹಿಡ್ಕೊಂಡು ಕೊಟ್ಟರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಆ ದುಡ್ಡಿಗಿಂತ ಆ ಮನೆ ಅಜ್ಜಿ "ಯಾಕಪ್ಪ, ಮೈ ಹುಷಾರಿಲ್ವಾ?" ಅಂದದ್ದು ಇವತ್ತಿಗೂ ಚುಚ್ಚುತ್ತೆ.

ಇನ್ನು ಬಿಟ್ಟ ಸಾಮಾನು. ಬೋಟಿ, ತಲೆಮಾಂಸ, ಚರ್ಮ ಸಮೇತದ ಕೋಳಿ ಹೋದವು. ಬೋಂಡ, ಬಜ್ಜಿ, ಪೂರಿ ವಾರದ ಯಾವ ದಿನಕ್ಕೂ ಇಲ್ಲ. ಸೋಡಾ, ಕೂಲ್‌ಡ್ರಿಂಕ್ಸ್ ಕುಡಿದ್ರೆ ಗಾಳಿ ತುಂಬಿ ಕೂರೋಕೂ ಆಗಲ್ಲ. ಎಣ್ಣೆ ವಿಷಯ ಒಂದೇ ಮಾತು: ನಮ್ಮ ಕಸುಬಲ್ಲಿ ಆರ್ಡರ್ ಮುಗಿದ ರಾತ್ರಿ ಎರಡು ಪೆಗ್ಗು ಮಾಮೂಲಿ, ನಾನು ಪೂರ್ತಿ ಬಿಟ್ಟೆ, ಈ ಔಷಧಿ ತಗೊಳ್ಳೋರಿಗೆ ಮೇದೋಜೀರಕದ (ಪ್ಯಾಂಕ್ರಿಯಾಸ್) ಜೊತೆ ಆಟ ಬೇಡ. ಮೇಲ್ಹೊಟ್ಟೆ ನೋವು ಬೆನ್ನಿಗೆ ಹೊಡೆದು ನಿಲ್ಲದೇ ಹೋದ್ರೆ ಓಮ, ಜೀರಿಗೆ ಕಷಾಯ ಅಂತ ಕೂರದೆ ಆಸ್ಪತ್ರೆಗೆ ಹೋಗಿ. ಸಕ್ಕರೆ ಮಾತ್ರೆ ತಗೊಳ್ಳೋರು ಅದರ ಡೋಸ್ ಇಳಿಸಬೇಕಾ ಅಂತ ಮೊದಲ ದಿನವೇ ಕೇಳಿ. ನನ್ನದನ್ನ ಡಾಕ್ಟರು ಅರ್ಧ ಮಾಡಿದ್ರು.

ಬಾಡಿನ ಕೊಬ್ಬು ಬಿಟ್ಟ ಮೇಲೂ ಮೂರು ವಾರ ತೇಗು ಹೋಗಲಿಲ್ಲ. ತಲೆ ಕೆಟ್ಟುಹೋಯ್ತು. ಪುಸ್ತಕ ತಿರುವಿ ತಿರುವಿ ನೋಡಿದಾಗ ಸಿಕ್ಕಿದ್ದು ತೆಂಗಿನಕಾಯಿ. ನಮ್ಮದು ಅರಸೀಕೆರೆ ಪಕ್ಕದ ಸೀಮೆ, ಕಾಯಿ ರುಬ್ಬದ ಸಾರು ಸಾರೇ ಅಲ್ಲ ಅನ್ನೋ ಜನ. ಒಂದು ಹೋಳು ಕಾಯಿ ಇಬ್ಬರ ಸಾರಿಗೆ ಬಿದ್ರೆ ಅದೂ ಕೊಬ್ಬೇ. ಬಸ್ಸಾರು, ಉಪ್ಸಾರಿಗೆ ತೊಂದರೆ ಇಲ್ಲ, ಕಾಯಿ ಹಾಕದೆಯೂ ಮಾಡಬಹುದು. ಕೋಳಿ ಸಾರಿಗೆ ಗಟ್ಟಿ ಬರಿಸೋಕೆ ಹುರಿಗಡಲೆ ಹಾಕಿ ನೋಡಿದೆ, ಅಂಟಂಟಾಯ್ತು. ಹುರುಳಿಕಾಳು ಹುರಿದು ಪುಡಿ ಮಾಡಿ ಹಾಕಿದೆ, ಒಗರು. ಕೊನೇಗೆ ಹುರಿಗಡಲೆ ಜೊತೆ ಇನ್ನೆರಡು ಸಾಮಾನು ಸೇರಿಸಿ ಒಂದು ಪುಡಿ ಕೂಡಿಸಿದೆ. ಆ ಎರಡು ಯಾವುವು ಅಂತ ಹೇಳಲ್ಲ. ಈಗ ಅದನ್ನ ಆರ್ಡರಿಗೂ ಬಳಸ್ತೀನಿ, ಕಾಯಿ ಹಾಕಿಲ್ಲ ಅಂತ ಇದುವರೆಗೆ ಒಬ್ಬರೂ ಕಂಡುಹಿಡಿದಿಲ್ಲ.

ಮುದ್ದೆ ವಿಷಯದಲ್ಲಿ ನಾನು ಎಲ್ಲರ ಜೊತೆ ಜಗಳ ಆಡಿದ್ದೀನಿ. ರಾಗಿ ಒಳ್ಳೇದು ಅಂತ ತಿಂದೆ. ಆದರೆ ಮುದ್ದೆ ಅಗಿಯೋ ಊಟ ಅಲ್ಲ, ನುಂಗೋ ಊಟ. ನಿಧಾನದ ಹೊಟ್ಟೆಗೆ ಐದು ತುತ್ತು ನುಂಗಿದ್ರೆ ಎದೆಗೂಡಿನ ಕೆಳಗೆ ಗುಂಡುಕಲ್ಲು. ಬಿಡೋಕಂತೂ ನನ್ನಿಂದ ಆಗಲ್ಲ. ಗಾತ್ರ ಇಳಿಸ್ತಾ ಬಂದೆ: ಕಿತ್ತಳೆ, ಆಮೇಲೆ ಕೋಳಿಮೊಟ್ಟೆ, ಈಗ ದೊಡ್ಡ ನಿಂಬೆಹಣ್ಣು. ಹಿಟ್ಟು ಚೂರು ತೆಳ್ಳಗೆ ತಿರುವಿಸಿ, ಸಾರಲ್ಲಿ ಕಲಸಿ, ಬಾಯಲ್ಲಿ ನಾಲ್ಕು ಸಲ ಆಡಿಸಿ ಇಳಿಸ್ತೀನಿ. ನಮ್ಮಪ್ಪ ಇದ್ದಿದ್ರೆ ಮುದ್ದೆ ಅಗಿಯೋನ ಜೊತೆ ಪಂಕ್ತೀಲಿ ಕೂರ್ತಿರಲಿಲ್ಲ. ಮಂಗಳವಾರ, ಬುಧವಾರ ಅದೇ ರಾಗಿ ಅಂಬಲಿಯಾಗಿ ಹೋಗುತ್ತೆ.

ಇನ್ನೊಂದು ತಪ್ಪು ತಿಂದದ್ದರಿಂದ ಅಲ್ಲ, ತಿನ್ನದೆ ಇದ್ದದ್ದರಿಂದ ಆಗಿದ್ದು. ಹಸಿವಿಲ್ಲ, ತೂಕ ಸರಸರ ಇಳೀತಿದೆ ಅಂತ ಖುಷಿಗೆ ಅಕ್ಟೋಬರಿನಲ್ಲಿ ಎರಡು ವಾರ ದಿನಕ್ಕೆ ಎರಡು ಇಡ್ಲಿ, ಕಾಫಿ, ಒಂದು ಲೋಟ ಮಜ್ಜಿಗೆ. ಹಾಸನಾಂಬೆ ಬಾಗಿಲು ತೆಗೆದಿದ್ದ ಸಮಯ, ದರ್ಶನದ ಸಾಲಲ್ಲಿ ಮೂರು ಗಂಟೆ ನಿಂತಿದ್ದವನು ಕಣ್ಣು ಕತ್ತಲಿಟ್ಟು ಬ್ಯಾರಿಕೇಡ್ ಹಿಡ್ಕೊಂಡೆ. ಮುಂದಿನ ವಾರ ಅನ್ನ ಬಸಿಯೋಕೆ ಡಬರಿ ಎತ್ತೋಕೆ ಹೋದ್ರೆ ತೋಳಲ್ಲಿ ಶಕ್ತಿ ಇಲ್ಲ. ಕೂದಲು ಬೇರೆ ಉದುರ್ತಿತ್ತು. ಕರಗ್ತಿದ್ದದ್ದು ಬರೀ ಬೊಜ್ಜಲ್ಲ, ಮಾಂಸಖಂಡ. ಆವಾಗಿಂದ ತಟ್ಟೇಲಿ ಮೊದಲ ತುತ್ತು ಪ್ರೋಟೀನು, ಅನ್ನ ಕೊನೇಗೆ, ಹಿಡಿಸಿದ್ರೆ ಮಾತ್ರ. ದಿನಕ್ಕೆ ಮೂರು ಮೊಟ್ಟೆ, ಒಂದರಲ್ಲಿ 6 ಗ್ರಾಂ ಅಂತ ಹಿಡೀರಿ. ಚರ್ಮ ತೆಗೆದ ಕೋಳಿ ಕಾಲು ಕೆಜಿ, ಎರಡು ಹೊತ್ತಿಗೆ ಹಂಚಿ. ಮೊಸರು, ಬೇಳೆ. ಎಲ್ಲ ಸೇರಿ ಎಂಬತ್ತು ಗ್ರಾಂ ಆಸುಪಾಸು. ಗೊರೂರು ಕಡೆಯ ಮೀನು ಸಿಕ್ಕಿದ ದಿನ ಬಾಳೆ ಎಲೇಲಿ ಸುತ್ತಿ ಹಬೇಲಿ ಬೇಯಿಸ್ತೀನಿ, ಅದರಷ್ಟು ಹಗುರ ಇನ್ನೊಂದಿಲ್ಲ. ಖಾಲಿ ಹೊಟ್ಟೆಗೆ ಕಾಫಿ ಬಿಟ್ಟೆ, ತಿಂಡಿ ಆದ ಮೇಲೆ ಅರ್ಧ ಲೋಟ.

ಕಾಲು ಸೂಪು ಬಿಡಬೇಕಾಗುತ್ತೇನೋ ಅಂತ ಬೇಜಾರಿತ್ತು. ಒಂದು ಪ್ರಯೋಗ ಮಾಡಿದೆ. ನಾಲ್ಕು ಮೇಕೆ ಕಾಲು ರಾತ್ರಿ ಬೇಯಿಸಿ, ಸೋಸಿ, ಫ್ರಿಜ್‌ನಲ್ಲಿಟ್ಟೆ. ಬೆಳಿಗ್ಗೆ ಮೇಲೆ ಬಿಳೀ ಹೆಪ್ಪು ಕಟ್ಟಿತ್ತು, ಚಮಚದಲ್ಲಿ ಎತ್ತಿ ತೂಗಿದೆ, ಅರವತ್ತು ಗ್ರಾಂ ಮೇಲಿತ್ತು. ಅಷ್ಟನ್ನೂ ಇಷ್ಟು ವರ್ಷ ಕುಡೀತಿದ್ದೆ. ಅದನ್ನ ತೆಗೆದು ಮೆಣಸು, ಬೆಳ್ಳುಳ್ಳಿ ಹಾಕಿ ಕಾಯಿಸಿ ಕುಡಿದ್ರೆ ಬುಧವಾರವೂ ಒಗ್ಗಿತು. ಈಗ ಮಟನ್ ಸಾರೂ ಹಂಗೇ: ಹಿಂದಿನ ದಿನ ಬೇಯಿಸು, ಹೆಪ್ಪು ತೆಗಿ, ಮಾರನೇ ದಿನ ಒಗ್ಗರಣೆ.

ಮಲಬದ್ಧತೆಗೆ ಮೂರು ಲೀಟರ್ ನೀರು, ಬಾಳೆದಿಂಡಿನ ಪಲ್ಯ, ಪರಂಗಿ ಹಣ್ಣು, ರಾತ್ರಿ ಒಂದು ಚಮಚ ಇಸಬ್ಗೋಲು ಸಾಕಾಯ್ತು. ಕಾಳು ಜಾಸ್ತಿ ತಿಂದು ಅದನ್ನ ಸರಿಮಾಡ್ತೀನಿ ಅಂತ ಹೋಗಿ ಗ್ಯಾಸಿಗೆ ಸಿಕ್ಕಿಹಾಕಿಕೊಂಡೆ. ಡಿಸೆಂಬರ್, ಜನವರಿ ಅವರೆ ಕಾಲ. ಸೊಗಡವರೆ ಬಂದ ಮೇಲೆ ಬಾಯಿ ಕಟ್ಟೋದು ಯಾರಿಂದಾದೀತು? ಒಂದು ವಾರ ಸಿಪ್ಪೆ ಸಮೇತದ ಅವರೆಕಾಳಿನ ಸಾರು, ಇನ್ನೊಂದು ವಾರ ಹಿದಕಿದ ಬೇಳೆ, ಅದೇ ಅಳತೆ, ಅದೇ ಶುಕ್ರವಾರ. ಸಿಪ್ಪೆ ಹೋದದ್ದು ಎರಡು ಗಂಟೇಲಿ ಹಗುರ ಆಯ್ತು, ಸಿಪ್ಪೆ ಇದ್ದದ್ದು ರಾತ್ರಿವರೆಗೂ ಗುಡುಗ್ತು. ಹಿದಕೋ ಕೆಲಸ ಹೆಂಡತೀದು, ಅವಳ ಬೆರಳಿಗೆ ನಾನು ಋಣಿ.

ಯುಗಾದಿ ಒಬ್ಬಟ್ಟು ಅರ್ಧ ತಿಂದೆ, ತುಪ್ಪ ಹಾಕದೆ, ಊಟದ ಕೊನೇಗೆ. ಏನೂ ಆಗಲಿಲ್ಲ. ಖಾಲಿ ಹೊಟ್ಟೆಗೆ ಒಂದು ಜಿಲೇಬಿ ತಿಂದ ದಿನ ಮಾತ್ರ ತಲೆ ಸುತ್ತಿ ಓಕರಿಕೆ ಬಂದಿತ್ತು.

ಮೊನ್ನೆ ಆಲೂರಿನ ಬೀಗರೂಟದಲ್ಲಿ ಎಂಟುನೂರು ಎಲೆ. ಬೆಳಗಿನ ಜಾವ ಮೂರರಿಂದ ನಿಂತಿದ್ದೆ, ಮಂಡಿ ನೋವು ಬರಲಿಲ್ಲ. ದಂಡ ಅಂದಿದ್ದ ಬಾಮೈದನೇ ಬಂದು ಪಕ್ಕಕ್ಕೆ ಕರೆದ. ಇದೇ ಥರದ ಇನ್ನೊಂದು ಔಷಧಿ ಸೆಮಾಗ್ಲುಟೈಡ್‌ನ ಪೇಟೆಂಟ್ 2026ರ ಮಾರ್ಚಿಗೆ ಮುಗಿದು ಅಗ್ಗ ಆಗ್ಲಿ ಅಂತ ಇಷ್ಟು ದಿನ ಕಾದಿದ್ದನಂತೆ. ಡಾಕ್ಟರ ಹತ್ರ ರಕ್ತ ಪರೀಕ್ಷೆ ಎಲ್ಲ ಮುಗಿಸಿದಾನೆ, ಬರೋ ಸೋಮವಾರ ಮೊದಲನೇದು. ರಾತ್ರಿ ಫ್ರಿಜ್ ಫೋಟೋ ಕಳಿಸಿದ್ದ. ಪೆಟ್ಟಿಗೆ ಫ್ರೀಜರಿಗೆ ಅಂಟಿಕೊಂಡೇ ಇತ್ತು. ಫೋನ್ ಮಾಡಿ, ಮಧ್ಯದ ತಟ್ಟೆಗೆ, ಮೊಸರಿನ ಪಕ್ಕಕ್ಕೆ ಇಡಿಸಿ, ಇನ್ನೊಂದು ಫೋಟೋ ತರಿಸಿಕೊಂಡು ನೋಡಿ ಮಲಗಿದೆ.